ಆಷಾಢದಲ್ಲಿ ಹೂಡಿದ ಮಗ್ಗ

ನನ್ನ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಅಯ್ಯೋ ಪಾಪ ಅನ್ನುವವರು ಈಗಲೇ ಅಂದು ಮುಗಿಸಿಕೊಳ್ಳಲಿ. ಮುಂದೆ ಅದಕ್ಕೆ ಜಾಗವಿಲ್ಲ.

ಮೊನ್ನೆ ಕೊಳ್ಳೇಗಾಲದಲ್ಲಿ ಮಣಿಯ ಮೋಟಾರ್ ರಿಪೇರಿ ಅಂಗಡಿಗೆ ಹೋಗಿದ್ದೆ. ಕೈಯಲ್ಲೊಂದು ಮರದ ಹಲಗೆ, ಅದರ ಬುಡದಿಂದ ಜೋತುಬಿದ್ದ ವೈರು. ವೈರಿನ ತುದಿ ಕಿತ್ತುಬಂದಿತ್ತು. ಮಣಿ ಏನೂ ಕೇಳದೆ ಹಲಗೆ ಇಸಿದುಕೊಂಡು, ಸೋಲ್ಡರಿಂಗ್ ಕಡ್ಡಿ ಕಾಯಿಸಿ, ತಂತಿ ಮುಟ್ಟಿಸಿದ. ಸಣ್ಣಗೆ ಹೊಗೆ ಎದ್ದಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಂತೆಯೇ ಆ ಆಷಾಢಕ್ಕೆ ಹೋಗಿಬಿಟ್ಟೆ.

ಆ ವರ್ಷ ಗಾಳಿ ಜೋರಿತ್ತು. ಅಂಗಡಿಗಳ ತಗಡು ದಿನವಿಡೀ ಬಡಿದುಕೊಳ್ಳುತ್ತಿತ್ತು, ಮಳೆ ಮಾತ್ರ ನಾಲ್ಕು ಹನಿ ಉದುರಿಸಿ ಓಡಿಹೋಗುತ್ತಿತ್ತು. ತಾಲ್ಲೂಕು ಕಚೇರಿಯ ಹತ್ತಿರ ಗುರುಸ್ವಾಮಿಯವರ ಟೈಪಿಂಗ್ ಅಂಗಡಿ. ಅಲ್ಲಿ ನಾನು ಹನ್ನೊಂದು ವರ್ಷದಿಂದ ಟೈಪಿಸ್ಟ್. ಅರ್ಜಿ, ಕರಾರು, ತಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟು, ಯಾರದೋ ತಾತನ ವಂಶವೃಕ್ಷ. ಈ ಸೀಮೆಯ ಜನ ಕಾಗದದ ಮೇಲೆ ಏನು ಹೇಳಬೇಕೆಂದರೂ ಅದು ನನ್ನ ಹತ್ತು ಬೆರಳ ಕೆಳಗೆ ಹಾದುಹೋಗಬೇಕಿತ್ತು. ಆ ಬೇಸಿಗೆಯಲ್ಲಿ ಹನೂರಿನಿಂದ ಬರುವಾಗ ಆಟೊ ಮಗುಚಿ ನನ್ನ ಬಲ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು. ಹೆಬ್ಬೆರಳು, ತೋರುಬೆರಳು ಹೇಳಿದ ಮಾತು ಕೇಳುತ್ತಿದ್ದವು. ಉಳಿದ ಮೂರು ಮುನಿಸಿಕೊಂಡ ನೆಂಟರ ಹಾಗೆ ಕೂತವು, ಇನ್ನೂ ಎದ್ದಿಲ್ಲ. ಮಣಿಕಟ್ಟು ತಿರುಗದು. ಮೌಸ್ ಹಿಡಿದರೆ ಮೊಳಕೈವರೆಗೂ ಉರಿ.

ಕೆಲಸಕ್ಕೆ ವಾಪಸ್ ಹೋದ ದಿನ ಗುರುಸ್ವಾಮಿಯವರು ನನ್ನ ಕೈಯನ್ನು ಒಮ್ಮೆ, ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಆದರೆ ಒಳ್ಳೆಯವರು ಒಳ್ಳೆಯ ಮಾತಿನಲ್ಲೇ ಕುರ್ಚಿ ಎಳೆದುಕೊಂಡರೆ ಜಗಳವಾಡುವುದಕ್ಕೂ ಆಗುವುದಿಲ್ಲ.

“ಬೇಜಾರ್ ಮಾಡ್ಕಬೇಡ ಕಣವ್ವ ರತ್ನ. ನೀನು ಜೆರಾಕ್ಸ್ ತಾವು ನಿಂತ್ಕ. ಟೈಪಿಂಗ್‌ಗೆ ಯಳಂದೂರಿಂದ ಒಂದ್ ಎಣ್ಮಗ ಬತ್ತದೆ. ಆಸಾಡ್ದಲ್ಲಿ ವಸ ಕೆಲ್ಸಕ್ಕೆ ಕಾಲಿಕ್ಕಲ್ಲ, ಶ್ರಾವಣ ಉಟ್ಲಿ ಅಂತು” ಎಂದರು.

ಅಷ್ಟು ಸಾಕಾಯಿತು ನನಗೆ. ಆಷಾಢವನ್ನು ಬೈಯದವರು ನಮ್ಮ ಕಡೆ ಯಾರಿದ್ದಾರೆ? ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆಯನ್ನು ತವರಿಗೆ ಕಳಿಸುವ ತಿಂಗಳು. ಆ ಹುಡುಗಿ ಒಳ್ಳೆಯ ದಿನಕ್ಕೆ ಕಾಯುವಷ್ಟು ದಿನ ನನ್ನ ಕುರ್ಚಿ ಖಾಲಿ ಇರುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು. ಜೆರಾಕ್ಸ್ ಮಿಷನ್ನಿನ ಮುಂದೆ ನಿಂತು ಬೇರೆಯವರು ಬರೆದದ್ದರ ನಕಲು ತೆಗೆಯುತ್ತಾ ಮುದುಕಿಯಾಗುವವಳು ನಾನಲ್ಲ.

ಅಂಗಡಿಯ ಮೂಲೆಯಲ್ಲಿ ಗುಜರಿಗೆಂದು ಇಟ್ಟ ಹಳೆಯ ಕಂಪ್ಯೂಟರೊಂದಿತ್ತು. ಮನೆಗೆ ಒಯ್ಯಲಾ ಎಂದು ಕೇಳಿದೆ. ಒಯ್ಯಿ ಎಂದರು. ಅವ್ವನ ಹಳೇ ಸೀರೆಯಲ್ಲಿ ಮಾನಿಟರ್ ಸುತ್ತಿ, ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಬಸ್ಸಿನಲ್ಲಿ ಮಾಂಬಳ್ಳಿಗೆ ಬಂದೆ. ನಮ್ಮದು ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಅಪ್ಪ ರೇಷ್ಮೆ ಸೀರೆ ನೇಯುವವರು. ಆಷಾಢದಲ್ಲಿ ಹೊಸ ಸಾಮಾನು ಒಳಗೆ ತರಬೇಡ ಎಂದು ಅವ್ವ ಬಾಗಿಲಲ್ಲೇ ತಡೆದಳು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ, ಇದು ಹೊಸದಾಗಿ ಶುರು ಮಾಡುವುದಲ್ಲ, ನಿಂತು ಹೋಗಿರುವುದನ್ನು ಎತ್ತಿಕೊಳ್ಳುವುದು ಎಂದರು. ಅವ್ವ ಅಪ್ಪನ ಕಡೆ ತಿರುಗುವಷ್ಟರಲ್ಲಿ ನಾನು ಒಳಗಿದ್ದೆ. ಮಗ್ಗದ ಪಕ್ಕದಲ್ಲೇ ಒಂದು ಹಳೆಯ ಮೇಜು ಹಾಕಿ ಅದನ್ನು ಕೂರಿಸಿದೆ.

ನನ್ನ ಕಷ್ಟ ಏನೆಂದು ಬಿಡಿಸಿ ಹೇಳಬೇಕು. ಎಡಗೈಯಲ್ಲಿ ಮೌಸ್ ಹಿಡಿ ಎಂದು ಊರೆಲ್ಲ ಬುದ್ಧಿ ಹೇಳಿತು. ಹಿಡಿದೆ. ಆಗ ಟೈಪ್ ಮಾಡುವವರು ಯಾರು? ನನಗೆ ಬರುತ್ತಿದ್ದದ್ದು ಹೆಚ್ಚಾಗಿ ಕೈಬರಹದ ಹಾಳೆಗಳ ಕೆಲಸ. ಹಾಳೆಯ ಚಿತ್ರ ಒಂದು ಕಿಟಕಿಯಲ್ಲಿ, ಟೈಪ್ ಮಾಡುವ ಪುಟ ಇನ್ನೊಂದರಲ್ಲಿ. ಒಂದರ ಮೇಲೊಂದು ಬಂದು ಕೂರುತ್ತವೆ. ಸರಿಸು, ಎಳೆ, ಚಿಕ್ಕದು ಮಾಡು, ಮತ್ತೆ ಹುಡುಕು. ಎರಡು ಸಾಲು ಟೈಪಿಸುವಷ್ಟರಲ್ಲಿ ಹತ್ತು ಸಲ ಕೈ ಮೌಸಿಗೆ ಓಡುತ್ತದೆ. ಇರುವುದು ಒಂದೂಕಾಲು ಕೈ. ಅದರಲ್ಲಿ ಓಡಾಟಕ್ಕೇ ಅರ್ಧ ಹೋದರೆ ಬದುಕುವುದು ಹೇಗೆ?

ಕಂಪ್ಯೂಟರಿನಲ್ಲಿ ಕಿಟಕಿಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡಿಕೊಳ್ಳಲು ಬೇರೆಯದೇ ಒಂದು ಪ್ರೋಗ್ರಾಮ್ ಇರುತ್ತದೆ. ವಿಂಡೋ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ಅಂಗಡಿಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಇದ್ದದ್ದರಿಂದ ಅದನ್ನು ಬದಲಿಸಬಹುದು ಎಂದು ಎಲ್ಲೋ ಓದಿದ್ದೆ. ಹನ್ನೊಂದು ವರ್ಷ ಅದು ಇಟ್ಟಲ್ಲಿ ಕೂತು ಕೆಲಸ ಮಾಡಿದ್ದೆ. ಮನೆಯ ಯಜಮಾನನನ್ನೇ ಬದಲಿಸಬಹುದು ಎಂದು ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ.

ಬೆಳಿಗ್ಗೆ ಬಸ್ಸಿಗೆ ಮುಂಚೆ, ಭಾನುವಾರ ಇಡೀ ದಿನ, ಅದೇ ಕೆಲಸ. ಮೊದಲನೆಯದನ್ನು ಹಾಕಿ ನೋಡಿದೆ. ಹಗುರವಾಗಿತ್ತು, ಆದರೆ ಎಲ್ಲದಕ್ಕೂ ಮೌಸೇ ಬೇಕು. ಕಿತ್ತು ಹಾಕಿದೆ. ಎರಡನೆಯದು ಕಿಟಕಿಗಳನ್ನು ತಾನೇ ಪಕ್ಕಪಕ್ಕ ಜೋಡಿಸುತ್ತಿತ್ತು. ಆದರೆ ಅದಕ್ಕೆ ಏನು ಹೇಳಬೇಕಾದರೂ ಅದರ ಭಾಷೆಯಲ್ಲೇ ಪ್ರೋಗ್ರಾಮ್ ಬರೆಯಬೇಕು. ಒಂದು ಅಲ್ಪವಿರಾಮ ಬಿಟ್ಟಿದ್ದಕ್ಕೆ ಮೂರು ದಿನ ನನ್ನೊಡನೆ ಮಾತು ಬಿಟ್ಟಿತು. ಅದರ ಗತ್ತು ಅದಕ್ಕೇ ಇರಲಿ ಎಂದು ಅದನ್ನೂ ಕಳಿಸಿದೆ. ಮೂರನೆಯದರ ಹೆಸರು ಐ-ತ್ರೀ. ಅದಕ್ಕೆ ಇದ್ದದ್ದು ಒಂದೇ ಒಂದು ಫೈಲು, ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ಮಾತು. ಈ ಕೀಲಿ ಒತ್ತಿದರೆ ಎಡದ ಕಿಟಕಿಗೆ ಹೋಗು. ಇದನ್ನು ಒತ್ತಿದರೆ ಬಲಕ್ಕೆ. ಇದನ್ನು ಒತ್ತಿದರೆ ಪರದೆಯನ್ನೇ ಬದಲಿಸು. ಮೊದಲ ಸಲ ಶುರುವಾದಾಗ, ಎಲ್ಲ ಅಪ್ಪಣೆಗೂ ಮೊದಲು ಒತ್ತುವ ಮುಖ್ಯ ಕೀಲಿ ಯಾವುದಿರಲಿ ಎಂದು ನನ್ನನ್ನೇ ಕೇಳಿತು. ಕೈ ಮುರಿದ ಮೇಲೆ ನಿನಗೇನು ಬೇಕು ಎಂದು ನನ್ನನ್ನು ಕೇಳಿದ್ದು ಅದೊಂದೇ. ಅಲ್ಲೇ ಒಪ್ಪಿಬಿಟ್ಟೆ.

ಅಪ್ಪ ಲಾಳಿ ಎಸೆಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದರು. ಕಿಟಕಿಗಳು ಸಂದು ಬಿಡದೆ ಅಕ್ಕಪಕ್ಕ ನಿಂತದ್ದನ್ನು ಕಂಡು, ಹಾಸಿನ ಎಳೆ ಈಗ ನೆಟ್ಟಗಾಯಿತು ಎಂದರು.

ಆಮೇಲೆ ನಾನೊಂದು ಎಡವಟ್ಟು ಮಾಡಿದೆ. ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕಣ್ಣುಬಿಡುತ್ತಿತ್ತು, ನಾನು ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಇಂಗ್ಲಿಷಿನ ಒಂದು ಸಾಲನ್ನೂ ಟೈಪ್ ಮಾಡದ ದಿನಗಳಲ್ಲೂ ಆ ಶಾಸ್ತ್ರ ತಪ್ಪುತ್ತಿರಲಿಲ್ಲ. ಯಜಮಾನಿಕೆ ನನ್ನದಾದ ಮೇಲೆ ಯಾಕೆ? ಕೀಲಿಮಣೆಯಿಂದ ಇಂಗ್ಲಿಷನ್ನೇ ತೆಗೆದುಹಾಕಿ, ಕನ್ನಡ ಒಂದನ್ನೇ ಉಳಿಸಿ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಕರಿಯ ಪರದೆ ಬಂತು. ಯಾವ ಕೀಲಿ ಒತ್ತಿದರೂ ಉಸಿರಿಲ್ಲ. ಫೈಲಿನಲ್ಲಿ ಬರೆದಿದ್ದ ಅಪ್ಪಣೆಗಳೆಲ್ಲ ಇಂಗ್ಲಿಷ್ ಅಕ್ಷರದ ಹೆಸರಿನಲ್ಲಿದ್ದವು, ಆ ಅಕ್ಷರಗಳೇ ಈಗ ಕೀಲಿಮಣೆಯಲ್ಲಿರಲಿಲ್ಲ. ಕರೆದರೆ ಓಗೊಡಲು ಯಾರೂ ಇಲ್ಲದ ಮನೆಯಾಗಿತ್ತು ಅದು. ಹಿಂಬಾಗಿಲಿನಿಂದ ಒಳಹೊಕ್ಕು ಸರಿಮಾಡುವ ದಾರಿ ಇತ್ತು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಒಂದೇ ಮಾತು ಹೇಳಿದ್ದರು: ಇಂಗ್ಲಿಷನ್ನು ಮೊದಲ ಜಾಗದಲ್ಲಿಟ್ಟು ನಿಮ್ಮ ಭಾಷೆಯನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ಎರಡನೆಯದಾಗಿ! ನನಗೆ ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಅಪ್ಪ ಮಗ್ಗ ನಿಲ್ಲಿಸಿ ಏನಾಯಿತು ಎಂದು ಕೇಳಿದರು. ಅಕ್ಷರದ ಹೆಸರು ಹಿಡಿದು ಕರೆದರೆ ಇದು ಬರುತ್ತಿಲ್ಲ ಎಂದೆ.

“ಮಗ್ಗುಕ್ಕೆ ಅಕ್ಷರ ಬತ್ತದಾ? ಎಡ್ಗಡೆ ಹಲ್ಗೆ ತುಳುದ್ರೆ ಆ ಎಳೆ ಏಳ್ತವೆ, ಬಲ್ಗಡೆದ್ ತುಳುದ್ರೆ ಈ ಎಳೆ. ಎಸ್ರಿಡ್ದು ಕರೀಬ್ಯಾಡ ಕಣವ್ವ, ಜಾಗ ಇಡ್ದು ಕರಿ” ಎಂದರು ಅಪ್ಪ.

ಓದು ನಾಲ್ಕನೇ ಕ್ಲಾಸಿಗೆ ಬಿಟ್ಟವರು. ಆದರೆ ಇದ್ದದ್ದು ಹಾಗೆಯೇ. ಪ್ರತಿ ಕೀಲಿಗೂ ಅಕ್ಷರವಲ್ಲದೆ ಅದು ಇರುವ ಜಾಗಕ್ಕೆ ಒಂದು ನಂಬರ್ ಇರುತ್ತದೆ. ಭಾಷೆ ಬದಲಾದರೂ ನಂಬರ್ ಬದಲಾಗದು. ಒತ್ತಿದರೆ ನಂಬರ್ ತೋರಿಸುವ ಸಣ್ಣ ಪ್ರೋಗ್ರಾಮ್ ಕೂಡ ಇತ್ತು. ಆ ಭಾನುವಾರ ಮಧ್ಯಾಹ್ನ ಗಾಳಿ ಹೆಂಚನ್ನು ಎತ್ತಿ ಎತ್ತಿ ಇಡುತ್ತಿದ್ದಾಗ ಅಪ್ಪ ಒಂದೊಂದೇ ಕೀಲಿ ಒತ್ತಿದರು, ನಾನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ನಂಬರ್ ಬರೆದುಕೊಂಡೆ. ಹಿಂಬಾಗಿಲಿನಿಂದ ಹೊಕ್ಕು ಫೈಲಿನ ಅಕ್ಷರಗಳನ್ನೆಲ್ಲ ಅಳಿಸಿ ಆ ನಂಬರ್ ತುಂಬಿದೆ. ಆರಿಸಿ ಹಚ್ಚಿದೆ. ಕನ್ನಡ ಒಂದೇ ಇದ್ದ ಯಂತ್ರ ಹೇಳಿದ ಮಾತೆಲ್ಲ ಕೇಳಿತು.

ಇನ್ನೂ ಒಂದು ಉಳಿದಿತ್ತು. ಮುಖ್ಯ ಕೀಲಿಯನ್ನು ಒತ್ತಿ ಹಿಡಿದುಕೊಂಡೇ ಬೇರೆಯದನ್ನು ಒತ್ತಬೇಕು. ಎರಡೂ ಎಡಗೈಗೇ ಬಿದ್ದು, ವಾರದಲ್ಲಿ ಆ ಕೈಯೂ ನೋಯತೊಡಗಿತು. ಒಂದು ಬೆಳಿಗ್ಗೆ ಬೆರಳು ನೀವಿಕೊಳ್ಳುತ್ತಾ ಅಪ್ಪನ ಮಗ್ಗ ನೋಡುತ್ತಾ ಕೂತಿದ್ದೆ. ಕೈಗಳು ಮೇಲೆ ಲಾಳಿ ಆಡಿಸುತ್ತಿದ್ದವು, ಗುಂಡಿಯೊಳಗೆ ಬರಿಗಾಲು ಹಲಗೆ ತುಳಿಯುತ್ತಿತ್ತು. ಮೂವತ್ತು ವರ್ಷದಿಂದ ನೋಡುತ್ತಿದ್ದೆ, ಆ ಬೆಳಿಗ್ಗೆ ಕಂಡಿತು. ನನಗೆ ಎರಡು ಕಾಲಿದ್ದವು, ಮೇಜಿನ ಕೆಳಗೆ ಸುಮ್ಮನೆ ಬಿದ್ದಿದ್ದವು.

ಅಪ್ಪ ಹಳೆಯ ಮಗ್ಗದ ಹಲಗೆಯೊಂದನ್ನು ಕೊಯ್ದು, ನನ್ನ ಕಾಲಳತೆ ತೆಗೆದು, ಕೀಲು ಕೂರಿಸಿ ಕೊಟ್ಟರು. ಅದನ್ನು ಮಣಿಯ ಹತ್ತಿರ ತಂದೆ. ಮಣಿ ಗೋಪಿನಾಥಂ ಕಡೆಯವನು, ಕನ್ನಡದೊಳಗೆ ತಮಿಳು ನುಗ್ಗಿಸುವವನು. ಹಳೆಯ ಕೀಲಿಮಣೆಯೊಂದರ ಆ ಮುಖ್ಯ ಕೀಲಿಯಿಂದ ಎರಡು ವೈರು ಎಳೆದು ಹಲಗೆಯ ಕೆಳಗಿನ ಸ್ವಿಚ್ಚಿಗೆ ಬೆಸೆಯಬೇಕು ಎಂದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ಹಲಗೆ ತಿರುಗಿಸಿ ನೋಡಿ, “ಸೂಪರ್ ಅಕ್ಕಾ, ಕಾಲು ಸುಮ್ನೇ ದಾನೇ ಇರುತ್ತೆ” ಅಂದ. ಆವತ್ತಿನ ವಾಸನೆಯೇ ಮೊನ್ನೆ ನನ್ನ ಮೂಗಿಗೆ ಬಡಿದದ್ದು.

ಆಷಾಢ ಮುಗಿಯಲು ಇನ್ನೆರಡು ವಾರ ಇರುವಾಗ ಹಲಗೆ ಮತ್ತು ಪೆನ್ ಡ್ರೈವ್ ಹಿಡಿದು ಅಂಗಡಿಗೆ ಹೋದೆ. ಟೈಪಿಂಗ್ ಮೇಜಿನ ಕಂಪ್ಯೂಟರಿಗೆ ನನ್ನ ಫೈಲು ಹಾಕಿಕೊಳ್ಳುತ್ತೇನೆ ಎಂದಾಗ ಗುರುಸ್ವಾಮಿಯವರು ಹಲಗೆ ನೋಡಿ, ಹೊಲಿಗೆ ಮಿಷನ್ ಹಾಕಿಕೊಳ್ಳುತ್ತೀಯೇನವ್ವ ಎಂದು ನಕ್ಕರು. ಹೇಗೂ ಶ್ರಾವಣದವರೆಗೆ ಖಾಲಿ ಬಿದ್ದಿದೆ, ಮಾಡಿಕೊ ಎಂದರು. ಮೌಸ್ ಕಿತ್ತು ಡ್ರಾಯರಿನಲ್ಲಿಟ್ಟೆ. ಚಪ್ಪಲಿ ಬಿಟ್ಟು ಕೂತೆ.

ಎರಡು ದಿನಕ್ಕೆ ಬಿಳಿಗಿರಿ ಬೆಟ್ಟದ ಪೋಡಿನಿಂದ ಕೇತೇಗೌಡರು ಬಂದರು. ಪೋಡು ಅಂದರೆ ಸೋಲಿಗರ ಹಾಡಿ. ಹೆಗಲಿನಿಂದ ಸೊಂಟದವರೆಗೆ ಜೋತ ಚೀಲದಲ್ಲಿ ನೋಟ್‌ಬುಕ್ಕುಗಳು. ಹಳೆಯ ಪೋಡುಗಳು ಎಲ್ಲಿದ್ದವು, ಯಾರನ್ನು ಎಲ್ಲಿ ಮಣ್ಣು ಮಾಡಿದ್ದು, ಜೇನಿನ ಮರ ಯಾವುದು, ದೇವರ ಕಲ್ಲು ಯಾವ ಹಳ್ಳದ ಪಕ್ಕ ಎಂದು ಹಿರಿಯರು ಹೇಳಿದ್ದನ್ನು ಯಾರೋ ಮೇಷ್ಟ್ರು ಬರೆದುಕೊಟ್ಟಿದ್ದರು. ಕೋಳಿ ಕೆದಕಿದ ಅಕ್ಷರ. ಕಾಡಿನ ಹಕ್ಕಿನ ಅರ್ಜಿಯ ಜೊತೆ ಅದು ಟೈಪಾಗಿ ಒಂಬತ್ತು ದಿನದಲ್ಲಿ ಯಳಂದೂರಿನ ಸಭೆಗೆ ಹೋಗಬೇಕಿತ್ತು. ಟೈಪಿಸ್ಟ್ ಶ್ರಾವಣಕ್ಕೆ ಬರುತ್ತಾಳೆ ಎಂದು ಗುರುಸ್ವಾಮಿಯವರು ಕೈ ಅಲ್ಲಾಡಿಸಿದರು. ನಾನು ಕೂತಲ್ಲಿಂದಲೇ, ಟೈಪಿಸ್ಟ್ ಇಲ್ಲೇ ಇದ್ದಾಳೆ ಎಂದೆ.

ಯಜಮಾನರು ನನ್ನ ಕೈ ನೋಡಿದರು. ಕೇತೇಗೌಡರು ನನ್ನ ಕಾಲು ನೋಡಿದರು. ಆಮೇಲೆ ಒಂದು ಷರತ್ತು ಹಾಕಿದರು: “ಬರ್ದುದ್ನೆಲ್ಲ ನಂಗೆ ಓದಿ ಏಳ್ಬೇಕು ಕಣವ್ವ. ನಾನ್ ಊಂ ಅಂದುದ್ ಮ್ಯಾಲೇ ಸೈ.”

ಒಂಬತ್ತು ದಿನ. ಎಡದಲ್ಲಿ ಮೇಷ್ಟ್ರ ಹಾಳೆ, ಬಲದಲ್ಲಿ ನನ್ನ ಪುಟ. ಹಲಗೆ ತುಳಿದು ಒಂದು ಕೀಲಿ ಒತ್ತಿದರೆ ಇನ್ನೊಂದು ಪರದೆ, ಅಲ್ಲಿ ಊರು, ಹಳ್ಳ, ಕುಲದ ಹೆಸರುಗಳ ಪಟ್ಟಿ. ಮತ್ತೆ ತುಳಿದರೆ ಬಿಟ್ಟಲ್ಲಿಗೆ. ಮೊದಲ ದಿನ ಹದಿನಾಲ್ಕು ಪುಟ ಆಯಿತು, ಮೂರನೇ ದಿನ ಇಪ್ಪತ್ತು ದಾಟಿತು. ಕೇತೇಗೌಡರು ದಿನಾ ಮೊದಲ ಬಸ್ಸಿಗೆ ಇಳಿದು, ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಮತ್ತಿಮರ ಎಂದು ಬರೆದಿದ್ದ ಕಡೆ ಅವರು ಕಣ್ಣು ಬಿಟ್ಟು, ಅದು ಮತ್ತಿಯಲ್ಲ, ಹೊನ್ನೆ ಎಂದು ತಿದ್ದಿಸಿದರು. ಅವರ ಅಜ್ಜಿಯನ್ನು ಮಣ್ಣು ಮಾಡಿದ ಜಾಗದ ಸಾಲು ಬಂದಾಗ ಇನ್ನೊಂದು ಸಲ ಓದು ಎಂದರು. ಓದಿದೆ. ಊಂ ಎಂದರು. ಅಷ್ಟು ವರ್ಷ ಟೈಪ್ ಮಾಡಿದ್ದರಲ್ಲಿ ನನ್ನ ಕೆಲಸವನ್ನು ಯಾರೂ ಹಾಗೆ ಕೇಳಿಸಿಕೊಂಡಿರಲಿಲ್ಲ.

ಎಂಟನೇ ದಿನಕ್ಕೆ ಮುಗಿಯಿತು. ಪ್ರಿಂಟ್ ತೆಗೆದುಕೊಟ್ಟು ಕಾಫಿಗೆ ಹೋಗಿದ್ದೆ. ಅಷ್ಟರಲ್ಲಿ ಕೇತೇಗೌಡರು ಪೋಡಿನಲ್ಲಿ ಇಟ್ಟುಕೊಳ್ಳಲು ಇನ್ನೊಂದು ಪ್ರತಿ ಬೇಕೆಂದರಂತೆ. ಅದಕ್ಕೇನು ಎಂದು ಗುರುಸ್ವಾಮಿಯವರೇ ನನ್ನ ಕುರ್ಚಿಯಲ್ಲಿ ಕೂತರಂತೆ. ನಾನು ವಾಪಸ್ ಬಂದಾಗ ಅವರು ಡ್ರಾಯರಿನಿಂದ ಮೌಸ್ ತೆಗೆದು ಸಿಕ್ಕಿಸಿ, ಪರದೆ ತುಂಬ ಬಾಣ ಓಡಿಸುತ್ತಿದ್ದರು. ಒತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಒಂದು ಗುಂಡಿಯಿಲ್ಲ, ಒಂದು ಪಟ್ಟಿಯಿಲ್ಲ. ಮುಖ ಕೆಂಪಾಗಿತ್ತು. ಚಪ್ಪಲಿಗಾಲು ಹಲಗೆಯ ಮೇಲಿತ್ತು. ಕೇತೇಗೌಡರು ಗೋಡೆ ಕಡೆ ತಿರುಗಿ ನಗುತ್ತಿದ್ದರು.

ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಊಟಕ್ಕೆ ಎದ್ದಾಗ ಅವರ ಮಗ್ಗದಲ್ಲಿ ಕೂತು ಬೈಸಿಕೊಂಡಿದ್ದೆ. ನೇಕಾರರು ಒಬ್ಬರ ಮಗ್ಗದಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಗುಂಡಿ ಅವರವರ ಕಾಲಿಗೆ ತೋಡಿದ್ದು, ಹಗ್ಗ ಅವರವರ ತುಳಿತಕ್ಕೆ ಕಟ್ಟಿದ್ದು. ಬೇರೆ ಕಾಲು ಬಿದ್ದರೆ ಬಟ್ಟೆ ಗುರುತು ಹಿಡಿದುಬಿಡುತ್ತದೆ. ಬೈಗುಳ ಆಗ ಅರ್ಥವಾಗಿರಲಿಲ್ಲ.

“ಯಾನವ್ವ ಇದು? ನನ್ ಅಂಗ್ಡೀಲಿ ನನ್ ಕಂಪ್ಯೂಟ್ರು, ನಂಗೇ ಬತ್ತಿಲ್ಲ. ನೀನ್ ಬುಟ್ರೆ ಇದ್ನ ಇನ್ಯಾರೂ ನಡ್ಸಕಾಗಲ್ವಲ್ಲ” ಎಂದರು ಗುರುಸ್ವಾಮಿಯವರು.

“ಆಗಲ್ಲ ಸಾ” ಎಂದೆ. “ಅದ್ಕೇ ಅಂಗೆ ಮಾಡ್ಕಂಡಿರದು. ಒಸಿ ಕಾಲ್ ತಗೀರಿ.”

ಅವರು ಹಲಗೆಯ ಮೇಲಿಂದ ಕಾಲು ತೆಗೆದರು. ಆಮೇಲೆ ಎದ್ದರು. ನಾನು ಕೂತು, ತುಳಿದು, ಎರಡು ಕೀಲಿ ಒತ್ತಿದೆ. ಇನ್ನೊಂದು ಪ್ರತಿ ಬಂತು. ಕೇತೇಗೌಡರು ಅದನ್ನು ಪಂಚೆಯ ತುದಿಯಲ್ಲಿ ಒರೆಸಿ ಚೀಲಕ್ಕಿಟ್ಟುಕೊಂಡು ಮರುದಿನ ಯಳಂದೂರಿಗೆ ಹೋದರು. ಸಭೆಯಲ್ಲಿ ಕಾಗದ ತೆಗೆದುಕೊಂಡರು, ಸ್ವೀಕೃತಿ ಮುದ್ರೆ ಬಿತ್ತು. ಅಲ್ಲಿಂದ ಮುಂದಿನದು ದೊಡ್ಡ ಕಥೆ, ಅವರದು, ಅವರೇ ಹೇಳಬೇಕು.

ಶ್ರಾವಣದ ಮೊದಲ ಒಳ್ಳೆಯ ದಿನ ಯಳಂದೂರಿನ ಹುಡುಗಿ ಹೂ ಮುಡಿದು ಬಂದಳು. ಮೇಜಿನ ಕೆಳಗೆ ಬಗ್ಗಿ ನೋಡಿ, ಅಕ್ಕಾ ಇದೇನು ಎಂದು ಕೇಳಿದಳು. ಗುರುಸ್ವಾಮಿಯವರು ನನಗಿಂತ ಮೊದಲೇ, ಅದರ ತಂಟೆಗೆ ಹೋಗಬೇಡ, ನೀನು ಜೆರಾಕ್ಸ್ ಹತ್ತಿರ ಬಾ ಎಂದರು. ಒಳ್ಳೆಯ ಹುಡುಗಿ. ವರ್ಷ ಕಳೆಯುವುದರೊಳಗೆ ಅವಳಿಗೆ ಅವಳದೇ ಕಂಪ್ಯೂಟರು, ಅವಳ ಬೆರಳಿಗೆ ಅವಳದೇ ಫೈಲು ಬರೆದುಕೊಟ್ಟೆ. ನನ್ನದರಲ್ಲಿ ಮಾತ್ರ ಕೂರಿಸಲಿಲ್ಲ.

ಒಂದು ಮಾತು ಬಾಕಿ ಇದೆ. ಕೇತೇಗೌಡರ ಕೆಲಸ ಒಪ್ಪಿಕೊಂಡ ದಿನವೇ ನನಗೊಂದು ಭಯ ಹುಟ್ಟಿತ್ತು. ನಡುವೆ ನನ್ನ ಎಡಗೈಯೂ ಕೈಕೊಟ್ಟರೆ ಅವರ ಅಜ್ಜಿಯ ಮಣ್ಣಿನ ಜಾಗ ಆ ಯಂತ್ರದೊಳಗೇ ಸಿಕ್ಕಿಕೊಳ್ಳಬಾರದು. ಅದಕ್ಕೆ ಫೈಲಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಹಲಗೆ ಬೇಡ, ಏನೂ ಬೇಡ, ಒಂದೇ ಒಂದು ಕೀಲಿ ಒತ್ತಿದರೆ ಮೌಸು, ಗುಂಡಿ, ಪಟ್ಟಿ ಎಲ್ಲ ಇರುವ ಹಳೆಯ ಪರದೆ ಬರುತ್ತದೆ, ಯಾರು ಬೇಕಾದರೂ ಕೂತು ನಡೆಸಬಹುದು. ಅದು ಯಾವ ಕೀಲಿ ಎಂದು ಬರೆದುಕೊಟ್ಟ ಚೀಟಿ ಅಪ್ಪನ ಹತ್ತಿರ ಇತ್ತು. ಗುರುಸ್ವಾಮಿಯವರು ಬಾಣ ಓಡಿಸುತ್ತಾ ಕೂತಿದ್ದಾಗ ಆ ಕೀಲಿ ಅವರ ಕಿರುಬೆರಳಿನಿಂದ ಒಂದಿಂಚು ದೂರದಲ್ಲಿತ್ತು.

ಕಂಪ್ಯೂಟರ್ ಎರಡು ಸಲ ಬದಲಾಗಿದೆ, ಸಾಲು ಹಾಗೇ ಇದೆ. ಆ ಕೀಲಿಯ ನಂಬರ್ ಏನೆಂದು ಅವರಿಗೆ ಇವತ್ತಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.